ಒಂದು ಸೇರು ತೌಡಿನ ಹೆಸರು

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ತಿಪ್ಪೇಸ್ವಾಮೀ’ ಎಂದು ಒಮ್ಮೆ ಗಟ್ಟಿಯಾಗಿ ಕೂಗಿ ನೋಡಿ. ಕಂಡಕ್ಟರು ತಿರುಗುತ್ತಾನೆ, ಶೇಂಗಾ ಮಾರುವವನು ತಿರುಗುತ್ತಾನೆ, ಟೀ ಅಂಗಡಿಯ ಒಳಗಿಂದ ಇಬ್ಬರು ಲೋಟ ಹಿಡಿದುಕೊಂಡೇ ಹೊರಗೆ ಬರುತ್ತಾರೆ. ಸಿಯಾಟಲ್ ಪಕ್ಕದ ಡುವಾಲ್ ಊರಿನ ರಸ್ತೆಯಲ್ಲಿ ನಿಂತು ಹಾಗೆ ಕೂಗಿದರೆ ತಿರುಗಬೇಕಾದವನು ಒಬ್ಬನೇ. ಅವನೂ ಬಹಳ ವರ್ಷ ತಿರುಗಲಿಲ್ಲ. ಆ ಒಬ್ಬನ ಕತೆ ಇದು. ಮೊದಲೇ ಹೇಳಿಬಿಡುವುದು ಒಳ್ಳೆಯದು, ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು.

ಚಿತ್ರದುರ್ಗದ ಸೀಮೆಯಲ್ಲಿ ಆ ಹೆಸರಿಗೆ ಬರವಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಎಷ್ಟೋ ಮನೆಗಳ ದೇವರು. ತಿಪ್ಪೆಯ ಮೇಲೆ ಕೂತ ಸ್ವಾಮಿ, ಅದಕ್ಕೇ ಆ ಹೆಸರು ಎನ್ನುತ್ತಾರೆ ಹಳಬರು. ತಿಪ್ಪೆ ಎಂದರೆ ಮನೆಯ ಕಸ, ದನದ ಸಗಣಿ, ಒಲೆಯ ಬೂದಿ ಎಲ್ಲ ಬಂದು ಬೀಳುವ ಗುಡ್ಡೆ. ನೋಡಿದರೆ ಮೂಗು ಮುಚ್ಚಿಕೊಳ್ಳಬೇಕು, ಆದರೆ ವರ್ಷ ತಿರುಗುವಷ್ಟರಲ್ಲಿ ಅದೇ ಹೊಲಕ್ಕೆ ಗೊಬ್ಬರವಾಗಿ ಮನೆಗೆ ಅನ್ನ ತರುತ್ತದೆ. ಆ ಸ್ವಾಮಿಯ ಹೆಸರನ್ನು ಗಂಡುಮಕ್ಕಳಿಗೆ ಇಟ್ಟಿಟ್ಟು ಶಾಲೆಯ ಮೇಷ್ಟ್ರುಗಳ ತಲೆ ಕೆಟ್ಟುಹೋಗಿತ್ತು. ನಮ್ಮವನ ಕ್ಲಾಸಿನಲ್ಲೇ ಉದ್ದ ತಿಪ್ಪೇಸ್ವಾಮಿ, ಕುಳ್ಳ ತಿಪ್ಪೇಸ್ವಾಮಿ, ಬಟ್ಟೆ ಅಂಗಡಿ ತಿಪ್ಪೇಸ್ವಾಮಿ ಎಂದು ಇದ್ದರು. ಇವನು ಮಿಲ್ಲಿನ ತಿಪ್ಪೇಸ್ವಾಮಿ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ, ಅಮ್ಮ ಪ್ರೇಮಮ್ಮ ಅದೇ ಮಿಲ್ಲಿನ ಅಂಗಳದಲ್ಲಿ ಕೂತು ಶೇಂಗಾ ಬೀಜ ಆರಿಸುತ್ತಿದ್ದಳು.

ಉಳಿದ ತಿಪ್ಪೇಸ್ವಾಮಿಗಳಿಗೆ ದೇವರ ಹೆಸರೆಂದು ಆ ಹೆಸರಿಟ್ಟಿದ್ದರು. ಇವನಿಗೆ ಇಟ್ಟದ್ದು ಹೆದರಿಕೆಯಿಂದ. ಪ್ರೇಮಮ್ಮನ ಹೊಟ್ಟೆಯಲ್ಲಿ ಇವನಿಗಿಂತ ಮೊದಲು ಹುಟ್ಟಿದ ಮೂರೂ ಮಕ್ಕಳು ತೊಟ್ಟಿಲು ಬಿಟ್ಟು ಇಳಿಯುವ ಮುಂಚೆಯೇ ಹೋಗಿದ್ದವು. ಮೂರಕ್ಕೂ ಚೆಂದದ ಹೆಸರುಗಳಿದ್ದವು. ಒಂದಕ್ಕಂತೂ ಮಿಲ್ಲಿನ ಸಾಹುಕಾರರ ಮಗನ ಹೆಸರನ್ನೇ ಇಟ್ಟಿದ್ದರಂತೆ. ನಾಲ್ಕನೆಯದು ಹುಟ್ಟಿದಾಗ ಓಣಿಯ ಹೆಂಗಸರು ಬಾಣಂತಿಗೆ ಬುದ್ಧಿ ಹೇಳಿದರು. ಕೂಸನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ, ತಾಯಿ ಹಿಂತಿರುಗಿ ನೋಡದೆ ಒಳಗೆ ಬಂದಳು. ಪಕ್ಕದ ಮನೆಯಾಕೆ ಏನೂ ಗೊತ್ತಿಲ್ಲದವಳ ಹಾಗೆ ಆ ಕಡೆ ಹೋಗಿ, ಕೂಸನ್ನು ಮೊರದಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದು ಕೂಗಿದಳು: “ತಿಪ್ಪೆ ಮ್ಯಾಲೆ ಒಂದು ಕೂಸು ಬಿದ್ದಿತ್ತು, ಯಾರಿಗಾದ್ರೂ ಬೇಕಾ?” ಪ್ರೇಮಮ್ಮ ಒಂದು ಸೇರು ತೌಡು ಅಳೆದು ಅವಳ ಸೆರಗಿಗೆ ಸುರಿದು ತನ್ನ ಮಗನನ್ನು ತಾನೇ ಕೊಂಡುಕೊಂಡಳು. ಹೆಸರು ತಿಪ್ಪೇಸ್ವಾಮಿ. ಅವನು ಬದುಕಿದ. ಅವನ ಬೆನ್ನಿಗೆ ಹುಟ್ಟಿದ ತಂಗಿ ಸ್ವಪ್ನಾಳೂ ಬದುಕಿದಳು, ಆ ಹೊತ್ತಿಗೆ ತಾಯಿಗೆ ಧೈರ್ಯ ಬಂದಿದ್ದರಿಂದ ಅವಳಿಗೆ ಇಷ್ಟದ ಹೆಸರೇ ಸಿಕ್ಕಿತು.

ಈ ಕತೆಯನ್ನು ಪ್ರೇಮಮ್ಮ ಮಗನಿಗೆ ನೂರು ಸಲ ಹೇಳಿದ್ದಾಳೆ. ಸಣ್ಣವನಿದ್ದಾಗ ಅವನಿಗೂ ಅದು ಇಷ್ಟ. ಮುನಿಸಿಕೊಂಡಾಗಲೆಲ್ಲ “ನನಗೆ ಕೊಟ್ಟಿದ್ದು ಬರೀ ತೌಡು” ಎಂದು ಮುಖ ಊದಿಸುತ್ತಿದ್ದ. “ಅವತ್ತು ಮನೇಲಿ ಇದ್ದದ್ದೇ ಅದು ಕಣಲೇ, ಎಲ್ಲಾ ಕೊಟ್ಬಿಟ್ಟೆ” ಎಂದು ಅವಳು ನಗುತ್ತಿದ್ದಳು.

ಬೆಂಗಳೂರಿಗೆ ಎಂಜಿನಿಯರಿಂಗ್ ಓದಲು ಹೋದಾಗ ಹೆಸರು ಮುಳ್ಳಾಯಿತು. ಹಾಸ್ಟೆಲಿನಲ್ಲಿ ಅವನು ಬಂದರೆ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಚಳ್ಳಕೆರೆಯಲ್ಲಿ ಯಾರಿಗೂ ಬಾರದ ವಾಸನೆ ಮೆಜೆಸ್ಟಿಕ್ಕಿನಿಂದ ಆಚೆಗೆ ಎಲ್ಲರಿಗೂ ಬರುತ್ತಿತ್ತು! ಅವನೂ ನಗುತ್ತಿದ್ದ, ನಗದಿದ್ದರೆ ಇನ್ನೂ ಕಷ್ಟ. ಆಮೇಲೆ ಟಿ. ಸ್ವಾಮಿ ಆದ. ಮೈಸೂರಿನ ವಿಜಯಾಳನ್ನು ನೋಡಲು ಹೋದಾಗಲೂ ಟಿ. ಸ್ವಾಮಿಯೇ. ಲಗ್ನಪತ್ರಿಕೆಯಲ್ಲೂ ಹಾಗೇ ಅಚ್ಚಾಯಿತು. ಟಿ ಎಂದರೇನು ಎಂದು ವಿಜಯಾ ಕೇಳಿದ್ದು ಮದುವೆಯಾಗಿ ವಾರವಾದ ಮೇಲೆ. ಕೇಳಿ ಬಾಯಿ ಮುಚ್ಚಿಕೊಂಡು ನಕ್ಕಳು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ಆದರೆ ಆ ನಗು ಅವನಿಗೆ ಮರೆತುಹೋಗಲಿಲ್ಲ.

ಅಮೆರಿಕಾಕ್ಕೆ ಬಂದ ಮೇಲೆ ಟಿ. ಸ್ವಾಮಿಯೂ ಸಾಲಲಿಲ್ಲ. ರೆಡ್ಮಂಡ್‌ನ ಆಫೀಸಿನಲ್ಲಿ ಅವನ ಪೂರ್ತಿ ಹೆಸರನ್ನು ಒಬ್ಬೊಬ್ಬರು ಒಂದೊಂದು ಕಡೆ ಮುರಿಯುತ್ತಿದ್ದರು. ಅವರದ್ದೇನೂ ತಪ್ಪಿಲ್ಲ, ಪಾಪ, ಅವರು ಪ್ರಯತ್ನವಾದರೂ ಪಡುತ್ತಿದ್ದರು. ಅವನಿಗೆ ಮೈ ಉರಿಯುತ್ತಿದ್ದದ್ದು ನಮ್ಮವರ ನಡುವೆ. ಕನ್ನಡದ ಯಾವುದಾದರೂ ಮನೆಯ ಊಟಕ್ಕೆ ಹೋಗಿ ಹೆಸರು ಹೇಳಿದ ತಕ್ಷಣ ಎದುರಿಗಿದ್ದವರ ತುಟಿಯ ತುದಿಯಲ್ಲಿ ಏನೋ ಒಂದು ಕುಣಿದು ಮಾಯವಾಗುತ್ತಿತ್ತು.

ಹಾಗಾಗಿ ಟಕ್ವಿಲಾದ ಇಮಿಗ್ರೇಶನ್ ಆಫೀಸಿನಲ್ಲಿ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಕೂತಾಗ, ಎದುರಿಗಿದ್ದ ಹೆಂಗಸು “ಹೆಸರು ಬದಲಾಯಿಸಿಕೊಳ್ಳಬೇಕಾ?” ಎಂದು ಎಲ್ಲರನ್ನೂ ಕೇಳುವ ಹಾಗೆ ಕೇಳಿದ್ದೇ ತಡ, ಹೂಂ ಎಂದುಬಿಟ್ಟ. ಯಾವ ಹೆಸರು ಎನ್ನುವುದೂ ಮೊದಲೇ ಗೊತ್ತಾಗಿತ್ತು. ವಿಜಯಾ ಮಕ್ಕಳ ಹೆಸರಿನ ಯಾವುದೋ ವೆಬ್‌ಸೈಟು ನೋಡಿ ಆರಿಸಿಟ್ಟಿದ್ದಳು. ತೇಜಸ್. ಅರ್ಥ, ಹೊಳಪು. ಮೂಲ, ಸಂಸ್ಕೃತ. ಜನಪ್ರಿಯತೆ, ಏರುತ್ತಿದೆ. ನಲವತ್ತೈದು ದಾಟಿದ, ಹೊಟ್ಟೆ ಮುಂದೆ ಬಂದ, ತಲೆ ಅರ್ಧ ಖಾಲಿಯಾದ ಗಂಡಸಿಗೆ ಮೊನ್ನೆ ಹುಟ್ಟಿದ ಕೂಸುಗಳ ಹೆಸರು. ಪ್ರಮಾಣವಚನ ಮುಗಿದ ದಿನ ಅಲ್ಲೇ ಮಾಲ್‌ಗೆ ಹೋಗಿ ವಿಜಯಾ ಅವನಿಗೊಂದು ಹೊಸ ಶರ್ಟು ಕೊಡಿಸಿದಳು. ಕನ್ನಡಿಯ ಮುಂದೆ ನಿಂತು ಅವನು “ತೇಜಸ್ ಸ್ವಾಮಿ” ಎಂದು ಮೆಲ್ಲಗೆ ಹೇಳಿ ನೋಡಿಕೊಂಡ. ನಿಜ ಹೇಳಬೇಕೆಂದರೆ ಅವತ್ತು ಅವನಿಗೆ ಬಹಳ ಹಗುರ ಅನ್ನಿಸಿತು.

ಊರಿಗೆ ಮಾತ್ರ ಹೇಳಲಿಲ್ಲ. ಭಾನುವಾರ ಭಾನುವಾರ ಫೋನಿನಲ್ಲಿ ಪ್ರೇಮಮ್ಮ “ಏನಲೇ ತಿಪ್ಪೇಸಿ, ಉಂಡಾ?” ಎನ್ನುತ್ತಿದ್ದಳು, ಇವನು “ಉಂಡೆ ಕಣಮ್ಮ” ಎನ್ನುತ್ತಿದ್ದ. ಅಷ್ಟರಲ್ಲೇ ಆ ಹೆಸರು ಉಳಿದಿತ್ತು, ವಾರಕ್ಕೊಂದು ಸಲ.

ಗುಟ್ಟು ರಟ್ಟಾದದ್ದು ಮಗಳ ಮಗನ ನಾಮಕರಣದ ದಿನ. ಮಗಳು ಜಾಹ್ನವಿ ಮತ್ತು ಅಳಿಯ ಚರಣ್ ಇರುವುದು ಸಿಯಾಟಲ್‌ನ ಫ್ರೀಮಾಂಟ್‌ನಲ್ಲಿ, ಇಬ್ಬರ ಆಫೀಸೂ ಅಲ್ಲೇ. ಅವರ ಮನೆ ಚಿಕ್ಕದು ಅಂತ ನಾಮಕರಣ ಡುವಾಲ್‌ನ ಅಪ್ಪನ ಮನೆಯಲ್ಲೇ ಇಟ್ಟುಕೊಂಡಿದ್ದರು. ಮರಿಮಗನನ್ನು ನೋಡಲು ಪ್ರೇಮಮ್ಮ ಮೊದಲ ಸಲ ವಿಮಾನ ಹತ್ತಿ ಬಂದಿದ್ದಳು. ಎಪ್ಪತ್ತು ದಾಟಿದ್ದರೂ ಗಟ್ಟಿ ಹೆಂಗಸು. ಬಂದ ಮರುದಿನವೇ ರಸ್ತೆಯಾಚೆಯ ಹಾಲಿನ ಫಾರ್ಮಿನ ತಿಪ್ಪೆಗುಂಡಿ ನೋಡಿಕೊಂಡು ಬಂದು, “ಪರವಾಗಿಲ್ಲ, ಇವ್ರಿಗೂ ಗೊಬ್ಬರದ ಬೆಲೆ ಗೊತ್ತೈತೆ” ಎಂದು ಸರ್ಟಿಫಿಕೇಟು ಕೊಟ್ಟಿದ್ದಳು.

ಕೂಸಿಗೆ ಪೃಥ್ವಿ ಎಂದು ಹೆಸರಿಟ್ಟಾಯಿತು. ಊಟದ ನಂತರ ಹೆಂಗಸರೆಲ್ಲ ಸೋಫಾದಲ್ಲಿ ಕೂತಾಗ ಜಾಹ್ನವಿ ಫೋನ್ ತೆಗೆದು ಅಜ್ಜಿಗೆ ತೋರಿಸಿದಳು.

“ನೋಡಿ ಅಜ್ಜಿ, ಪೃಥ್ವಿ. ಮೀನಿಂಗ್ ಭೂಮಿ. ಆರಿಜಿನ್ ಸಂಸ್ಕೃತ. ಎಷ್ಟು ಪಾಪ್ಯುಲರ್ ಅಂತಾನೂ ಇದರಲ್ಲಿ ಬರುತ್ತೆ.”

“ಎಲ್ಲಾ ಹೆಸ್ರೂ ಐತಾ ಇದ್ರಾಗೆ?”

“ಆಲ್ಮೋಸ್ಟ್ ಎಲ್ಲಾನೂ.”

“ನಿಮ್ಮಪ್ಪಂದು ನೋಡು.”

ಜಾಹ್ನವಿ ಅಪ್ಪನ ಮುಖ ನೋಡಿದಳು. ಅವನು ಕಾಫಿ ಲೋಟದೊಳಗೆ ಏನೋ ಬಿದ್ದಿರುವವನ ಹಾಗೆ ಬಗ್ಗಿ ನೋಡುತ್ತಿದ್ದ. ಅವಳು ಅಜ್ಜಿಯ ಮಾತಿನಂತೆ ತಿಪ್ಪೇಸ್ವಾಮಿ ಎಂದೇ ಒತ್ತಿದಳು. ಹುಡುಕಿದ ಹೆಸರು ಸಿಗಲಿಲ್ಲ ಎಂದು ಬಂತು.

“ಇಲ್ಲ ಅಜ್ಜಿ, ಇದರಲ್ಲಿ ಇಲ್ಲ.”

“ಇಲ್ದಿದ್ರೆ ನಾನು ಹೇಳ್ತೀನಿ ಕೇಳು” ಎಂದು ಪ್ರೇಮಮ್ಮ ಕಾಲು ಮಡಚಿ ಕೂತು, ತಿಪ್ಪೆ, ಮೊರ, ತೌಡು ಎಲ್ಲವನ್ನೂ ಹೇಳಿದಳು. “ತಿಪ್ಪೆ ಮ್ಯಾಲೆ ಬಿದ್ದಿರೋದನ್ನ ಯಾರಾದ್ರೂ ಆಸೆಪಟ್ಟು ಎತ್ಕಂಡು ಹೋಗ್ತಾರೇನವ್ವಾ? ಜವರಾಯನೂ ಹಂಗೇ, ಇದು ಯಾರಿಗೂ ಬ್ಯಾಡದ ಕೂಸು ಅಂದ್ಕಂಡು ಮುಂದಕ್ಕೆ ಹೋಗ್ಲಿ ಅಂತ ಇಟ್ಟ ಹೆಸ್ರು. ನಿಮ್ಮ ಯಂತ್ರದಾಗೆ ಅದು ಇರಾದು ಹೆಂಗೆ?” ಹೆಂಗಸರು ಬಾಯಿಬಿಟ್ಟುಕೊಂಡು ಕೇಳಿದರು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ತಿಪ್ಪೇಸ್ವಾಮಿಗೆ ಆ ಕ್ಷಣ ಎದೆ ಉಬ್ಬಿ ಬಂತು, ಅದರ ಹಿಂದೆಯೇ ಆ ಹೆಸರು ಈಗ ತನ್ನದಲ್ಲ ಎನ್ನುವುದು ನೆನಪಾಯಿತು.

ಆಗ ಜಯಂತ್ ಬಾಯಿ ಹಾಕಿದ. ಜಯಂತ್ ಅವನ ಆಫೀಸಿನ ಗೆಳೆಯ, ಒಳ್ಳೆಯವನು, ಮಾತು ಸ್ವಲ್ಪ ಜಾಸ್ತಿ. “ಏನೋ ತೇಜಸ್, ಇಷ್ಟು ಒಳ್ಳೆ ಹೆಸ್ರಿಟ್ಕೊಂಡು ನಮಗೆ ಹೇಳೇ ಇಲ್ವಲ್ಲೋ!”

“ಯಾರಪ್ಪಾ ತೇಜಸ್ಸು?” ಎಂದಳು ಪ್ರೇಮಮ್ಮ.

“ಇವನೇ ಅಜ್ಜಿ.”

“ಅಡ್ಡೆಸ್ರಾ? ಆಫೀಸ್‌ನಾಗೆ ಕರೀತೀರೇನು?”

“ಅಡ್ಡ ಹೆಸರಲ್ಲ ಅಜ್ಜಿ, ಪಾಸ್‌ಪೋರ್ಟ್‌ನಲ್ಲೂ ಅದೇ” ಎಂದು ಜಯಂತ್ ಹೇಳಿ, ವಿಜಯಾಳ ಕಣ್ಸನ್ನೆ ನೋಡಿ ನಾಲಗೆ ಕಚ್ಚಿಕೊಂಡ. ಅಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು.

ಪ್ರೇಮಮ್ಮ ಬಂದವರಿಗೆಲ್ಲ ತಾನೇ ಎಲೆ ಅಡಿಕೆ ಕೊಟ್ಟು ಕಳಿಸಿದಳು. ಕೊನೆಯ ಕಾರು ಹೋದ ಮೇಲೆ ಮಗನನ್ನು ಎದುರಿಗೆ ಕೂರಿಸಿಕೊಂಡಳು.

“ನಿಜವಾ?”

“ಹೂಂ ಕಣಮ್ಮ. ಇಲ್ಲಿ ಯಾರಿಗೂ ಬಾಯಲ್ಲಿ ಬರಲ್ಲ ಆ ಹೆಸ್ರು.”

“ಬಾಯಾಗೆ ಬರದಿದ್ರೆ ಬ್ಯಾಡ, ಕರೀಬ್ಯಾಡ ಅನ್ನು. ತೆಗೆದು ಎಸೆಯಾದಾ?”

“ಅಮ್ಮಾ, ಬರೀ ಪೇಪರ್ ಮೇಲೆ ಅದು. ಹೊಳಪು ಅಂತ ಅರ್ಥ, ಕೆಟ್ಟ ಹೆಸ್ರೇನಲ್ಲ. ನಾನು ಬದಲಾಗ್ತೀನಾ?”

“ಮೂರು ಕೂಸು ಕೊಟ್ಟು ಕಲ್ತಿದ್ದು ಕಣಲೇ ನಾನು” ಎಂದಳು ಅವಳು. ಧ್ವನಿ ಏರಲಿಲ್ಲ. “ಚೆಂದದ ಹೆಸ್ರು ಇಟ್ಟು ಮೂರು ಸಲ ಸೋತೆ. ಸ್ವಾಮಿ ಮುಂದೆ ಸೆರಗೊಡ್ಡಿ, ಇದೊಂದನ್ನ ಉಳಿಸು, ನಿನ್ನ ಹೆಸ್ರು ಅವನ ಮೈಮ್ಯಾಲಿಂದ ಇಳಿಸಲ್ಲ ಅಂತ ಮಾತು ಕೊಟ್ಟಿದ್ದೆ. ನೀನು ಇಳಿಸಿ ಕುಂತೀಯ. ಹೊಳಪಂತೆ, ಹೊಳಪು! ಜವರಾಯ ದೂರದಿಂದ್ಲೇ ಕಾಣ್ಲಿ ಅಂತಲಾ?”

ಅವನು ನಕ್ಕುಬಿಟ್ಟ. ತಡೆದುಕೊಳ್ಳಲಾಗಲಿಲ್ಲ. ಅದಾದ ಮೇಲೆ ಎಷ್ಟೋ ಸಲ ಆ ಒಂದು ನಗುವನ್ನು ನೆನೆಸಿಕೊಂಡು ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿದೆ ಅವನಿಗೆ. ಹಾಸ್ಟೆಲಿನ ಹುಡುಗರು ನಕ್ಕರು, ಹೆಂಡತಿ ನಕ್ಕಳು, ಕಡೆಗೆ ಅವನೂ ನಕ್ಕ, ಅದೂ ಅವಳ ಮುಖದ ಎದುರಿಗೇ.

ಪ್ರೇಮಮ್ಮ ಎದ್ದು ಬಾಗಿಲ ಹತ್ತಿರ ಹೋದಳು. ಅಲ್ಲಿದ್ದ ತನ್ನ ಚಪ್ಪಲಿಯನ್ನು ಎತ್ತಿ ಗೋಡೆಯ ಕಡೆಗೆ ಸರಿಸಿ ಇಟ್ಟಳು. “ನಿನ್ನ ಹೆಸ್ರು ನಿನ್ನ ಮೈಮ್ಯಾಲೆ ವಾಪಸ್ ಬರಾಗಂಟ ನಾನು ಕಾಲಿಗೆ ಚಪ್ಲಿ ಮೆಟ್ಟಲ್ಲ. ಬರೀ ಬಾಯಾಗೆ ಹೇಳಿದ್ರೆ ಒಪ್ಪಲ್ಲ. ಅಚ್ಚಾಗಿರಾದು ತೋರ್ಸು, ಸ್ವಪ್ನಾ ಓದಿ ಹೇಳ್ತಾಳೆ, ಅವಾಗ ಮೆಟ್ತೀನಿ.”

ಹರಕೆ ಎಂದರೆ ಹರಕೆ. ಅವತ್ತಿನಿಂದ ಅವಳು ಬರಿಗಾಲಿನಲ್ಲೇ ಒದ್ದೆ ಹುಲ್ಲಿನ ಮೇಲೆ, ಜಲ್ಲಿ ಹಾಕಿದ ಹಾದಿಯ ಮೇಲೆ ಓಡಾಡಿದಳು. ವಿಜಯಾ ಉಲ್ಲನ್ನಿನ ಕಾಲುಚೀಲ ತಂದುಕೊಟ್ಟಳು. “ಅತ್ತೆ, ಇದು ಚಪ್ಲಿ ಅಲ್ವಲ್ಲ, ಇದನ್ನಾದ್ರೂ ಹಾಕ್ಕೊಳ್ಳಿ” ಎಂದು ಬೇಡಿಕೊಂಡಳು. ಪ್ರೇಮಮ್ಮ ಸೊಸೆಯ ತಲೆ ಸವರಿ, ಕಾಲುಚೀಲವನ್ನು ಮಡಚಿ ಅವಳ ಕೈಗೇ ಕೊಟ್ಟಳು. ಅವಳು ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ಎಲ್ಲರೂ ಬಗ್ಗಿ ಬೂಟು ಬಿಚ್ಚುವ ಸಾಲಿನಲ್ಲಿ ಅವಳು ನೆಟ್ಟಗೆ ನಿಂತಿದ್ದಳು. ತಿಪ್ಪೇಸ್ವಾಮಿ ಹೊರಗಿನಿಂದ ಕೈ ಬೀಸಿ, “ಒಂದೆರಡು ತಿಂಗಳಲ್ಲಿ ಮಾಡಿಸ್ತೀನಿ ಕಣಮ್ಮ” ಎಂದು ಕೂಗಿದ.

ಮಾಡಿಸಬೇಕು ಅಂತ ಅವನಿಗೆ ಖಂಡಿತ ಇತ್ತು. ಇಲ್ಲದೆ ಏನು? ಆದರೆ ಮೊದಲು ಮನೆಯ ಲೋನು ಹೊಸದಾಗಿ ಮಾಡಿಸುವುದಿತ್ತು, ನಡುವೆ ಹೆಸರು ಬದಲಾದರೆ ತೊಡಕು ಎಂದ ಬ್ಯಾಂಕಿನವನು. ಅದು ಮುಗಿಯುವಷ್ಟರಲ್ಲಿ ಕೋವಿಡ್ ಬಂತು, ಕೋರ್ಟು ಮುಚ್ಚಿತು. ಕೋರ್ಟು ತೆರೆಯಿತು, ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದರು, ಈ ಹೊತ್ತಿನಲ್ಲಿ ಹೊಸ ಹೆಸರು ಹೇಳಿಕೊಂಡು ಯಾರ ಕಣ್ಣಿಗೂ ಬೀಳುವುದು ಬೇಡ ಅಂದುಕೊಂಡ. ಆಮೇಲೆ ಪಾಸ್‌ಪೋರ್ಟ್ ಮುಗಿಯುವವರೆಗೆ ಕಾಯೋಣ, ಎಲ್ಲ ಒಂದೇ ಸಲ ಆಗಲಿ ಎಂದುಕೊಂಡ. ಒಂದೊಂದೂ ಒಪ್ಪುವಂಥ ಕಾರಣವೇ. ಎಲ್ಲ ಸೇರಿಸಿ ನೋಡಿದರೆ ಮಾತ್ರ ಅಸಹ್ಯವಾಗುತ್ತದೆ. ಇವೆಲ್ಲದರ ತಳದಲ್ಲಿ ಇನ್ನೊಂದು ಕಾರಣವಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಆ ತುಟಿಯಂಚಿನ ನಗುವನ್ನು ಮತ್ತೆ ನೋಡಲು ಅವನಿಗೆ ಇಷ್ಟವಿರಲಿಲ್ಲ.

ಭಾನುವಾರ ಫೋನಿನಲ್ಲಿ ಪ್ರೇಮಮ್ಮ “ಆಯ್ತಾ?” ಎನ್ನುತ್ತಿದ್ದಳು.

“ಆಗ್ತಾ ಐತೆ ಕಣಮ್ಮ.”

“ಆಗ್ಲಿ ಬಿಡು. ಮಾಡಾ ಕೆಲ್ಸ ಸರಿಯಾಗಿ ಮಾಡು.”

ಅವಳು ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ ಅವನಿಗೆ. ಬೈಯುತ್ತಿದ್ದವಳು ಸ್ವಪ್ನಾ. ಅಪ್ಪ ಹೋದ ಮೇಲೆ ಅಮ್ಮ ಇದ್ದದ್ದು ಚಳ್ಳಕೆರೆಯಲ್ಲಿ ಅವಳ ಮನೆಯಲ್ಲೇ, ಅವಳು ಅಲ್ಲೇ ಹೈಸ್ಕೂಲಿನ ಟೀಚರು. “ಅಣ್ಣಾ, ಈ ಏಪ್ರಿಲ್ ಬಿಸ್ಲಾಗೆ ಟಾರ್ ರೋಡ್ ಮೇಲೆ ಸಂತೆಗೆ ನಡ್ಕಂಡು ಹೋಗೈತೆ ಅಮ್ಮ. ಅಂಗಾಲು ಪೂರ್ತಿ ಬೊಬ್ಬೆ. ನಾನು ಆಟೋ ಹತ್ತಿಸಿದ್ರೆ ಇಳಿದುಬಿಡ್ತೈತೆ. ಒಂದು ಹೆಸ್ರು ಬರ್ಸಕ್ಕೆ ಇಷ್ಟೊತ್ತಾ ನಿಮ್ಮ ದೇಶದಾಗೆ?” ಅವನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಗೆ ಮದ್ದೆಂದು ಒಳ್ಳೆಯ ಮುಲಾಮು ಕಳಿಸುತ್ತಿದ್ದ. ಒಂದು ಸಲ ಜಾಲಿಮುಳ್ಳು ಮುರಿದು ಒಳಗೇ ಉಳಿದು ಕೀವಾಯಿತು. ಆಗಲೂ ಡಾಕ್ಟರು ಚಪ್ಪಲಿ ಹಾಕಲೇಬೇಕು ಎಂದರಂತೆ, ಪ್ರೇಮಮ್ಮ “ನಮ್ಮ ಹುಡುಗ ಅರ್ಜಿ ಹಾಕಿದಾನೆ, ಇನ್ನೇನು ಬಂದ್ಬಿಡ್ತೈತೆ” ಎಂದು ಹೇಳಿ ಎದ್ದು ಬಂದಳಂತೆ. ಅವನು ಅರ್ಜಿ ಹಾಕಿದ್ದೇನೆ ಅಂತ ಯಾವತ್ತೋ ಒಂದು ಭಾನುವಾರ ಸುಳ್ಳು ಹೇಳಿದ್ದ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಊರೆಲ್ಲ ಓಡಾಡುತ್ತಿದ್ದಳು.

ಕಳೆದ ವರ್ಷ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವರ್ಷಗಳ ಹಿಂದೆ ಮುಚ್ಚಿಹೋದ ಮಿಲ್ಲಿಗೆ ಕೆಲಸಕ್ಕೆಂದು ಬೆಳಿಗ್ಗೆ ಹೊರಟು ನಿಂತಾಗ ಸ್ವಪ್ನಾ ಹೆದರಿದಳು. ಫೋನಿನಲ್ಲಿ ಪ್ರೇಮಮ್ಮ ಒಂದು ವಾರ “ಏನಲೇ ತಿಪ್ಪೇಸಿ” ಎಂದರೆ ಇನ್ನೊಂದು ವಾರ ಸುಮ್ಮನೆ ಪರದೆಯನ್ನು ನೋಡುತ್ತಿದ್ದಳು. ಒಂದು ಭಾನುವಾರ “ಆಯ್ತಾ?” ಎನ್ನುವ ಪ್ರಶ್ನೆ ಬರಲಿಲ್ಲ. ವರ್ಷಗಟ್ಟಲೆ ಆ ಪ್ರಶ್ನೆಗೆ ಅಂಜಿದ್ದವನು ಅವತ್ತು ಅದಕ್ಕಾಗಿಯೇ ಕಾಯುತ್ತಾ ಫೋನು ಇಡದೆ ಕೂತ.

ಮರುದಿನವೇ ಅರ್ಜಿ ಹಾಕಿದ. ಇದನ್ನು ಬರೆಯಲೂ ಬೇಸರವಾಗುತ್ತದೆ, ಅಷ್ಟು ಸುಲಭವಿತ್ತು ಅದು. ಕೋರ್ಟಿನಲ್ಲಿ ಅವನ ಹಿಂದೆ ಮುಂದೆ ಇನ್ನೂ ಕೆಲವರಿದ್ದರು. ಜಡ್ಜ್ ಹೆಂಗಸು ಕಾಗದ ನೋಡಿ, ಸಾಲದಿಂದ ತಪ್ಪಿಸಿಕೊಳ್ಳಲು ಅಥವಾ ಮೋಸಕ್ಕೆ ಹೆಸರು ಬದಲಾಯಿಸುತ್ತಿಲ್ಲ ತಾನೇ ಎಂದು ಕೇಳಿದಳು. ಇಲ್ಲ ಎಂದ. “ಹೊಸ ಹೆಸರನ್ನು ಒಮ್ಮೆ ಹೇಳಿ, ಸರಿಯಾಗಿ ಹೇಳಲು ನಾನೂ ಕಲಿಯುತ್ತೇನೆ” ಎಂದಳು. ಹೊಸದಲ್ಲ ಅಂತ ಹೇಳಬೇಕೆನ್ನಿಸಿತು, ಹೇಳಲಿಲ್ಲ. “ತಿಪ್ಪೇಸ್ವಾಮಿ” ಎಂದ. ಅವಳು ನಿಧಾನವಾಗಿ, ಒಂದಕ್ಷರವೂ ಕೆಡದಂತೆ ಹೇಳಿ ಸಹಿ ಹಾಕಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಅವನು ವಾಪಸ್ ಆಫೀಸಿನ ಮುಂದಿದ್ದ. ಕಾರು ನಿಲ್ಲಿಸಿ ಇಳಿಯಲಾಗದೆ ಸ್ಟೇರಿಂಗ್ ಮೇಲೆ ತಲೆಯಿಟ್ಟು ಕೂತ. ಇಷ್ಟೇನಾ? ಇಷ್ಟಕ್ಕಾಗಿ ಅಷ್ಟು ಬೇಸಿಗೆಗಳಾ?

ಹೊಸ ಡ್ರೈವಿಂಗ್ ಲೈಸೆನ್ಸು ಅಂಚೆಯಲ್ಲಿ ಬಂದ ದಿನ ವಿಜಯಾಳೇ ಲಕೋಟೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಕಾರ್ಡನ್ನು ಸೀರೆಯ ಸೆರಗಿನಿಂದ ಒರೆಸಿ ಅವನ ಮುಂದಿಟ್ಟಳು. “ರೀ, ತಪ್ಪು ನಂದೂ ಇದೆ. ಆವತ್ತು ನಾನು ನಗಬಾರದಿತ್ತು” ಎಂದಳು. ಯಾವತ್ತು ಎಂದು ಅವನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಮರುದಿನ, ಇಲ್ಲಿ ಬೆಳಿಗ್ಗೆ, ಅಲ್ಲಿ ಸಂಜೆ ದೀಪ ಹಚ್ಚುವ ಹೊತ್ತು. ಸ್ವಪ್ನಾಳಿಗೆ ವಿಡಿಯೋ ಕಾಲ್ ಮಾಡಿದರು.

ಸ್ವಪ್ನಾ ತಯಾರಾಗೇ ಇದ್ದಳು. ಹೊಸ ಚಪ್ಪಲಿ ತಂದು ಇಟ್ಟುಕೊಂಡಿದ್ದಳು. ಪ್ರೇಮಮ್ಮ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ತುಂಬ ಇಳಿದುಹೋಗಿದ್ದಳು. ಚಾಚಿದ ಕಾಲಿನ ಹಿಮ್ಮಡಿಗಳು ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿದ್ದವು.

“ಅಮ್ಮಾ, ನೋಡು, ಬಂತು!” ಎಂದು ಅವನು ಕಾರ್ಡನ್ನು ಕ್ಯಾಮರಾಕ್ಕೆ ಹಿಡಿದ. ಸ್ವಪ್ನಾ ಗಟ್ಟಿಯಾಗಿ ಓದಿ ಹೇಳಿದಳು.

ಪ್ರೇಮಮ್ಮ ಕಾರ್ಡನ್ನು ನೋಡಲಿಲ್ಲ, ಅವನ ಮುಖವನ್ನು ನೋಡಿದಳು. “ಯಾರಪ್ಪಾ ನೀನು?”

“ನಾನಮ್ಮ. ತಿಪ್ಪೇಸ್ವಾಮಿ.”

ಅವಳ ಮುಖ ಅರಳಿತು. “ತಿಪ್ಪೇಸ್ವಾಮಿನಾ? ಒಳ್ಳೇ ಹೆಸ್ರು ಕಣಪ್ಪಾ. ನಮ್ಮ ಹುಡುಗಂದೂ ಅದೇ ಹೆಸ್ರು. ಒಂದು ಸೇರು ತೌಡು ಕೊಟ್ಟು ತಗಂಡಿದ್ದೆ ಅವನ್ನ.”

“ನಾನೇ ಕಣಮ್ಮ ಅವನು.”

ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಸ್ವಪ್ನಾ ಚಪ್ಪಲಿಯನ್ನು ಕಾಲಿನ ಹತ್ತಿರ ಜೋಡಿಸಿ, “ಅಮ್ಮಾ, ಅಣ್ಣನ ಹೆಸ್ರು ವಾಪಸ್ ಬಂತು. ಇನ್ನ ಮೆಟ್ಕಾ” ಎಂದಳು. ಪ್ರೇಮಮ್ಮ ಎರಡೂ ಕಾಲನ್ನು ಸರಕ್ಕನೆ ಎಳೆದುಕೊಂಡು ಸೀರೆಯೊಳಗೆ ಮುಚ್ಚಿಕೊಂಡಳು.

“ಬ್ಯಾಡ. ಅವನು ಬಂದು ಹೇಳ್ಲಿ.”

“ಅವನೇ ಅಲ್ವಾ ಹೇಳ್ತಿರಾದು, ನೋಡಮ್ಮ.”

“ಇವನಲ್ಲ ಬಿಡು. ಇವನು ಯಾರೋ ವಯಸ್ಸಾದೋನು.”

ತಿಪ್ಪೇಸ್ವಾಮಿ ಕಾರ್ಡನ್ನು ಕೆಳಗಿಳಿಸಿದ. ಪಕ್ಕದಲ್ಲಿದ್ದ ವಿಜಯಾ ಅವನ ತೋಳು ಹಿಡಿದುಕೊಂಡಳು. ಪ್ರೇಮಮ್ಮನಿಗೆ ಈ ಅಪರಿಚಿತನ ಒದ್ದೆ ಕಣ್ಣು ನೋಡಿ ಏನನ್ನಿಸಿತೋ, ಫೋನಿನ ಹತ್ತಿರಕ್ಕೆ ಮುಖ ತಂದು ಕೇಳಿದಳು.

“ಅಮೆರಿಕಾದಾಗೆ ಇರಾದಾ ನೀನು?”

“ಹೂಂ ಅಮ್ಮ.”

“ನಮ್ಮ ಹುಡುಗನೂ ಅಲ್ಲೇ ಇರಾದು. ಎಲ್ಲಾದ್ರೂ ಸಿಕ್ಕಿದ್ರೆ ಒಂದು ಮಾತು ಹೇಳಪ್ಪಾ. ಬೈಬ್ಯಾಡ, ಮೆತ್ತಗೆ ಹೇಳು. ಈ ಸಲ ಬಿಸ್ಲು ಜಾಸ್ತಿ ಐತೆ, ಅಮ್ಮನ ಕಾಲು ಸುಡ್ತಾವಂತೆ, ಹೆಸ್ರು ಬೇಗ ಬರ್ಸಬೇಕಂತೆ ಅಂತ.”

“ಹೇಳ್ತೀನಮ್ಮ” ಎಂದ ತಿಪ್ಪೇಸ್ವಾಮಿ.